ಈ ಕೂದಲನ್ನು ಯಾರು ನೋಡಬೇಕು?

ಹಿಂದಿನಿಂದ ನೋಡಿದರೆ ಕಾರವಾರದ ಅರ್ಧ ಗಂಡಸರು ನನಗೆ ಗುರುತು ಸಿಗುತ್ತಾರೆ. ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ಎದುರಿಗೆ ಬಂದು ‘ನಮಸ್ಕಾರ ಬಾಯಿ, ಆರಾಮಾ?’ ಎಂದರೆ ಪೆಚ್ಚಾಗಿ ನಗುತ್ತೇನೆ. ಅವರು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದ ಮೇಲೆ, ಅಯ್ಯೋ, ಇವರು ಕುತ್ತಿಗೆಯ ಹತ್ತಿರ ಎರಡು ಸುಳಿ ಇದ್ದ ಬ್ಯಾಂಕಿನವರಲ್ಲವೇ ಎಂದು ಹೊಳೆಯುತ್ತದೆ. ಆಗ ಕೂಗಿ ಕರೆಯಲು ನಾಚಿಕೆ. ಕೂದಲು ಕಸಿ ಮಾಡಿಸಿಕೊಂಡದ್ದನ್ನು ಊರಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ, ನಾನು ಹೇಳಿಬಿಟ್ಟರೆ ಅವರ ಮಾನ ಹೋಯಿತು.

ನಾನು ಚಿತ್ತಾಕುಲದವಳು. ಮೊದಲು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಹುಟ್ಟುವ ಮಕ್ಕಳ ತಲೆ ಹಿಡಿಯುತ್ತಿದ್ದ ಕೈ, ಕೊನೆಯ ಹದಿನೇಳು ವರ್ಷ ಗಂಡಸರ ತಲೆ ಹಿಡಿಯಿತು. ಕಾರವಾರದ ಒಂದು ಸಣ್ಣ ಚರ್ಮದ ಆಸ್ಪತ್ರೆ. ಮೇಲಿನ ಮಹಡಿಯಲ್ಲಿ ಕಸಿಯ ಕೋಣೆ. ಕಿಟಕಿಯಿಂದ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತಿತ್ತು, ಆಚೆ ದಡದಲ್ಲಿ ನಮ್ಮೂರ ಕಡೆಯ ಸದಾಶಿವಗಡದ ಗುಡ್ಡ. ಡಾಕ್ಟರು ತಲೆಯ ಹಿಂಭಾಗದಿಂದ ಒಂದೊಂದೇ ಕೂದಲನ್ನು ಬೇರುಸಮೇತ ತೆಗೆದು ಕೊಡುತ್ತಿದ್ದರು. ನಾನು ಭೂತಗನ್ನಡಿಯ ಕೆಳಗೆ ಅವನ್ನು ಬಿಡಿಸಿ, ಬೇರು ಒಣಗದಂತೆ ತಣ್ಣಗಿನ ಉಪ್ಪುನೀರಿನಲ್ಲಿ ಮಲಗಿಸುತ್ತಿದ್ದೆ. ಮಧ್ಯಾಹ್ನದ ಮೇಲೆ ಅವೇ ಕೂದಲು ಹಣೆಯ ಕಡೆಗೆ ನಾಟಿಯಾಗುತ್ತಿದ್ದವು. ಇಷ್ಟೇ ಕೆಲಸ. ಇದಕ್ಕೆ ಒಂದು ಇಡೀ ಹಗಲು ಹೋಗುತ್ತಿತ್ತು.

ಆ ಹಗಲುಗಳು ಈಗಲೂ ಕಣ್ಣು ಮುಚ್ಚಿದರೆ ಬರುತ್ತವೆ. ಬಿಳಿ ದೀಪ, ಏಸಿಯ ಸದ್ದು, ಹೊರಗೆ ಕಾಣಿಸಿದರೂ ಕೇಳಿಸದ ಮಳೆ. ಭೂತಗನ್ನಡಿಯಲ್ಲಿ ಗಂಟೆಗಟ್ಟಲೆ ಕೂದಲಿನ ಬೇರು ನೋಡಿ ತಲೆ ಎತ್ತಿದರೆ ನದಿ, ಗುಡ್ಡ, ಸೇತುವೆ ಎಲ್ಲ ಸ್ವಲ್ಪ ಹೊತ್ತು ಯಾರದೋ ಕನಸಿನಲ್ಲಿದ್ದಂತೆ ಅಲುಗಾಡುತ್ತಿದ್ದವು. ಬೇರಿನ ತುದಿಯಲ್ಲಿ ಒಂದು ಚೂರು ಕೊಬ್ಬು ಹೊಳೆಯುತ್ತಿರುತ್ತದೆ, ಅದನ್ನು ನೋಡುವುದೇ ನನಗೆ ಸುಖ. ಸಂಜೆ ಬಸ್ಸಿನಲ್ಲಿ ಸೇತುವೆ ದಾಟುವಾಗಲೂ ಆ ಹೊಳಪು ಕಣ್ಣ ಮುಂದೆ ತೇಲುತ್ತಿತ್ತು. ನನ್ನ ಗಂಡ ‘ಇವತ್ತೂ ಇಳಿಯೂದು ಮರ್ತೋಯ್ತಾ?’ ಎಂದು ನಗುತ್ತಿದ್ದರು. ಮರೆತು ಎರಡು ಸ್ಟಾಪು ಮುಂದೆ ಹೋದದ್ದು ಹಲವು ಸಲ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಫೋನು ಮಾಡುತ್ತಾರೆ. ಯಂತ್ರ, ಸೂಜಿ, ಪೆನ್ನಿನಂಥ ಉಪಕರಣದ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಸೇರಿದಾಗ ಹಿಂದಲೆಯಿಂದ ಒಂದು ಪಟ್ಟಿ ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕುತ್ತಿದ್ದರು. ಆಮೇಲೆ ಒಂದೊಂದೇ ಬೇರು ತೆಗೆಯುವ ವಿಧಾನ ಬಂತು, ಹೊಲಿಗೆ ಹೋಯಿತು, ಚುಕ್ಕಿ ಚುಕ್ಕಿ ಗುರುತು ಉಳಿಯಿತು. ಈ ಹುಡುಗಿಯರಿಗೆ ನಾನು ಹೇಳಬಹುದಾದದ್ದು ಬೇರೆ. ಕಸಿಗೆ ಬಂದವರನ್ನು ಏನು ಕೇಳಬೇಕು, ಅವರು ಏನನ್ನು ಯೋಚಿಸಿ ಬರಬೇಕು ಎಂಬುದು. ಅದನ್ನು ನಾನು ತಪ್ಪು ಮಾಡಿ ಮಾಡಿ ಕಲಿತೆ.

ನಮ್ಮ ಡಾಕ್ಟರರಿಗೆ ಒಂದು ರೂಢಿಯಿತ್ತು. ಬಂದವನ ಹಣೆಯ ಮೇಲೆ ಪೆನ್ಸಿಲಿನಿಂದ ಹೊಸ ಕೂದಲಿನ ಗೆರೆ ಎಳೆದು, ಕೈಗೆ ಕನ್ನಡಿ ಕೊಟ್ಟು, ತಾವು ಕಿಟಕಿಯ ಹತ್ತಿರ ಹೋಗಿ ನದಿ ನೋಡುತ್ತ ನಿಲ್ಲುತ್ತಿದ್ದರು. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಹೊರಗೆ ಜನ ಕಾಯುತ್ತಿದ್ದಾರೆ ಎಂದು ನನಗೆ ಸಿಟ್ಟು. ಒಂದು ದಿನ ಕೇಳಿಯೇ ಬಿಟ್ಟೆ. ‘ಅವ್ನಿಗೆ ಅವನ ಮುಖದ ಪರಿಚಯ ಆಗ್ಲಿ ಸಿಸ್ಟರ್. ಇನ್ನೂ ಮೂವತ್ತು ವರ್ಷ ಆ ಗೆರೆ ಹೊತ್ಕೊಂಡು ತಿರುಗೋನು ಅವ್ನು, ನಾನಲ್ಲ’ ಎಂದರು. ಕನ್ನಡಿ ನೋಡಿ ನೋಡಿ ಸುಮ್ಮನೆ ಎದ್ದು ಮನೆಗೆ ಹೋದವರೂ ಇದ್ದಾರೆ. ಡಾಕ್ಟರು ಅವರನ್ನು ತಡೆಯುತ್ತಿರಲಿಲ್ಲ.

ಅಂಕೋಲೆಯಿಂದ ಒಬ್ಬ ಬಂದಿದ್ದ, ಇಪ್ಪತ್ತೊಂದು ವರ್ಷ. ಹುಬ್ಬಿನ ಮೇಲೆ ಮೂರೇ ಬೆರಳು ಬಿಟ್ಟು ಗೆರೆ ಬೇಕೆಂದು ಹಟ. ಜೊತೆಗೆ ಬಂದ ಸೋದರಮಾವನಿಗೆ ಟೋಪಿ ತೆಗೆಯಲು ಹೇಳಿದೆ. ಟೋಪಿಯ ಕೆಳಗೆ ಬಟಾಬಯಲು. ‘ನೋಡು ಮಾರಾಯ, ನಿನ್ನ ದಾರಿ ಇದು’ ಎಂದೆ. ಮಾವನಿಗೆ ಸಿಟ್ಟು ಬಂತು, ಹುಡುಗನಿಗೆ ಅಳು ಬಂತು. ಆದರೆ ಹೇಳದೆ ವಿಧಿಯಿಲ್ಲ. ಹಿಂದಲೆಯ ಕೂದಲು ಅಷ್ಟಿಷ್ಟೇ. ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಎಳೆಯ ವಯಸ್ಸಿನಲ್ಲಿ ಎಲ್ಲವನ್ನೂ ಹಣೆಗೆ ಸುರಿದರೆ, ನಲವತ್ತಕ್ಕೆ ನಡುನೆತ್ತಿ ಬೋಳಾಗಿ ಮುಂದಿನದು ಮಾತ್ರ ಕುರುಚಲಿನಂತೆ ಒಂಟಿಯಾಗಿ ನಿಂತಿರುತ್ತದೆ. ಉದುರುವುದನ್ನು ತಡೆಯುವ ಔಷಧಿ ಹಾಕಿ, ಕೆಲವು ವರ್ಷ ಕಾದು ಬಾ ಎಂದು ಕಳಿಸಿದೆವು. ಇನ್ನೆಲ್ಲಿಗೋ ಹೋಗಿ ಮಾಡಿಸಿಕೊಂಡನಂತೆ. ಅಲ್ಲಿ ಡಾಕ್ಟರು ಬಂದು ಮುಖ ತೋರಿಸಿ ಹೋದರು, ಕತ್ತರಿಸಿದ್ದೆಲ್ಲ ಬೇರೆ ಯಾರೋ ಎಂದು ಆಮೇಲೆ ಗೊತ್ತಾಯಿತು. ತನ್ನ ತಲೆಗೆ ಕೈ ಹಾಕುವವರು ಯಾರು ಎಂದು ಕೇಳಲು ಕಸಿಗೆ ಬಂದವನಿಗೆ ಸಂಕೋಚ ಬೇಡ.

ರಾಮನಗುಳಿಯ ಕಡೆಯ ಒಬ್ಬ ಮೇಷ್ಟ್ರು ಹೃದಯದ ಮಾತ್ರೆ ತಿನ್ನುವುದನ್ನು ನಮ್ಮಿಂದ ಮುಚ್ಚಿಟ್ಟರು. ರಕ್ತ ತೆಳುವಾಗಿಸುವ ಮಾತ್ರೆ. ಮಲಗಿಸಿದ ಮೇಲೆ ರಕ್ತ ನಿಲ್ಲಲೊಲ್ಲದು. ಡಾಕ್ಟರು ನಡುವೆಯೇ ನಿಲ್ಲಿಸಿದರು. ಯಾಕೆ ಹೇಳಲಿಲ್ಲ ಎಂದರೆ, ‘ನೀವು ಮಾಡೂದಿಲ್ಲ ಅಂದ್ಬಿಟ್ರೆ ಹೇಳಿ ಹೆದ್ರಿಕೆ ಬಾಯಿ’ ಎಂದರು, ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಿವಿ ಹಿಂಡಿದ್ದರೋ.

ಅವರನ್ನು ನೋಡಿ ನಗಲು ನಾನೇನು ದೊಡ್ಡವಳಲ್ಲ. ಸೇರಿದ ಹೊಸತರಲ್ಲಿ ಬೇರುಗಳ ತಟ್ಟೆಯನ್ನು ಫ್ಯಾನಿನ ಕೆಳಗಿಟ್ಟು ಕಿಟಕಿಯಿಂದ ನದಿ ನೋಡುತ್ತ ಮೈಮರೆತಿದ್ದೆ. ಹೊಳೆಯ ನೀರಿನ ಮೇಲೆ ಬಿಸಿಲು ಬಿದ್ದು ಇಡೀ ಕೋಣೆಯ ಗೋಡೆ ಮೇಲೆ ಬೆಳಕು ಆಡುತ್ತಿತ್ತು. ತಿರುಗಿ ನೋಡಿದರೆ ಒಂದು ಸಾಲು ಬೇರು ಒಣಗಿ ಕಪ್ಪಾಗಿದೆ. ಒಬ್ಬ ಮನುಷ್ಯನಿಗೆ ಮತ್ತೆ ಎಂದೂ ಸಿಗದ ಕೂದಲು ಅದು. ಡಾಕ್ಟರು ಬೈಯಲಿಲ್ಲ, ಆ ಮನುಷ್ಯನಿಗೆ ನೀನೇ ಹೇಳು ಎಂದರು. ಹೇಳಿದೆ. ಅಂದಿನಿಂದ ಆ ಕೋಣೆಯ ಫ್ಯಾನು ತಿರುಗಲಿಲ್ಲ.

ನಮ್ಮಲ್ಲಿ ಮಳೆಗಾಲವೇ ಕಸಿಯ ಸುಗ್ಗಿ. ಜೂನ್, ಜುಲೈ ಎರಡು ತಿಂಗಳು ಸರಕಾರದ ನಿಷೇಧ, ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಸಿಯಾದ ತಲೆಗೆ ಬಿಸಿಲು, ಬೆವರು, ಉಪ್ಪುನೀರು ಕೆಲವು ವಾರ ತಾಗಬಾರದು. ಹಾಗಾಗಿ ಮೀನುಗಾರರು ಬಲೆ ಹೊಲಿಯುವ ದಿನಗಳಲ್ಲೇ ಬಂದು ತಲೆ ಕೊಡುತ್ತಿದ್ದರು. ನಾನು ನಿವೃತ್ತಳಾಗುವ ಹಿಂದಿನ ವರ್ಷ ಅಂಥದೇ ಮಳೆಯ ದಿನ ಹಾರವಾಡದ ವಿನಾಯಕ ಬಂದ. ಮೂವತ್ತಾರು ವರ್ಷ, ಬೋಟಿನಲ್ಲಿ ಕೆಲಸ, ಮದುವೆಯಾಗಿ ಎರಡು ಮಕ್ಕಳು. ಮಾತು ಕಡಿಮೆ. ಉಳಿದವರು ನಟರ ಫೋಟೋ ತರುತ್ತಾರೆ. ಇವನು ತನ್ನದೇ ಇಪ್ಪತ್ತರ ಹರೆಯದ ಫೋಟೋ ತಂದಿದ್ದ.

‘ಬಾಯಿ, ನಂಗೆ ಹೀಂಗೇ ಆಗ್ಬೇಕು.’

‘ಫೋಟೋ ನೋಡಿ ತಲೆ ಮಾಡೂಕೆ ನೀನೇನು ಚೌತಿಯ ಮಣ್ಣಿನ ಗಣಪತಿಯಾ?’ ಎಂದು ಗೇಲಿ ಮಾಡಿದೆ. ಅವನು ನಗಲಿಲ್ಲ. ನಾನು ಎಂದಿನ ಪಾಠ ಒಪ್ಪಿಸಿದೆ. ನೆಟ್ಟದ್ದು ಮೂರನೇ ವಾರಕ್ಕೆ ಉದುರುತ್ತದೆ, ಹೆದರಬೇಡ. ನಾಲ್ಕನೇ ತಿಂಗಳಿಗೆ ಚಿಗುರು. ಪೂರ್ತಿ ಕಾಣಲು ಒಂದು ವರ್ಷ. ಎಲ್ಲದಕ್ಕೂ ತಲೆಯಾಡಿಸಿದ. ಸಕ್ಕರೆ ಕಾಯಿಲೆ ಇದೆಯೇ, ಮಾತ್ರೆ ತಿನ್ನುತ್ತೀಯಾ, ಬೀಡಿ ಸೇದುತ್ತೀಯಾ, ಎಲ್ಲ ಕೇಳಿದೆ. ಯಾಕೆ ಮಾಡಿಸಿಕೊಳ್ಳುತ್ತೀ ಎಂದು ಮಾತ್ರ ಕೇಳಲಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡಿದ್ದೆ.

ಬೋರಲು ಮಲಗಿದ ಗಂಡಸರು ನೆಲದ ಜೊತೆ ಮಾತಾಡುತ್ತಾರೆ, ಇದನ್ನು ನೀವೂ ನೋಡುತ್ತೀರಿ ಹುಡುಗಿಯರೇ. ಮುಖ ದಿಂಬಿನ ನಡುವಿನ ತೂತಿನಲ್ಲಿರುತ್ತದೆ, ಯಾರೂ ಕಾಣುವುದಿಲ್ಲ. ಹೆಂಡತಿಗೆ ಹೇಳದ್ದನ್ನೂ ಆ ತೂತಿನಲ್ಲಿ ಹೇಳುತ್ತಾರೆ. ವಿನಾಯಕನನ್ನು ಮಲಗಿಸಿ ಎರಡು ಗಂಟೆಯಾಗಿತ್ತು. ನೆಲದಿಂದ ಧ್ವನಿ ಬಂತು.

‘ನಮ್ಮಪ್ಪಂಗೆ ನಾ ಯಾರು ಹೇಳಿ ಗುರ್ತು ಸಿಕ್ತಿಲ್ಲ ಬಾಯಿ.’

ಅಪ್ಪನಿಗೆ ಮರೆವಿನ ರೋಗ. ಹಳೆಯದೆಲ್ಲ ಇದೆ, ಹೊಸದು ಯಾವುದೂ ನಿಲ್ಲುವುದಿಲ್ಲ. ತಲೆತುಂಬ ಕೂದಲಿದ್ದ ಮಗ ನೆನಪಿದ್ದಾನೆ, ಬೋಳಾದ ಮಗ ಇಲ್ಲ. ಗೋಡೆಯ ಮೇಲಿನ ಫೋಟೋ ತೋರಿಸಿ ‘ಇನಾಯ್ಕ ಎಲ್ಲಿ? ಬೋಟು ಬಂತಾ?’ ಎಂದು ಮಗನನ್ನೇ ಕೇಳುತ್ತಾರೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮುಂದಲೆ ಉದುರಿದ ವಿನಾಯಕ ತನ್ನ ದೊಡ್ಡಪ್ಪನ ಪಡಿಯಚ್ಚಾಗಿದ್ದ. ಸತ್ತು ಬಹಳ ವರ್ಷವಾದ ಆ ಅಣ್ಣನೇ ಎದುರು ಬಂದು ನಿಂತಿದ್ದಾನೆ ಎಂದು ಮುದುಕರು ತಿಳಿದಿದ್ದರು.

ಅಣ್ಣತಮ್ಮಂದಿರು ಒಂದೇ ರಂಪಣಿಯಲ್ಲಿದ್ದವರು. ರಂಪಣಿಯೆಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಮನೆಮನೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಬೇರೆಯಾಗುವಾಗ ಮನೆಯ ಪಾಲಿನ ತುಂಡುಗಳನ್ನು ಹಂಚಿಕೊಂಡರು. ಗಟ್ಟಿಯಾದವನ್ನೆಲ್ಲ ತಮ್ಮ ತಾನಿಟ್ಟುಕೊಂಡು ಹರಕು ತುಂಡುಗಳನ್ನು ಅಣ್ಣನಿಗೆ ಕೊಟ್ಟ. ಅಣ್ಣ ಒಂದು ಮಾತೂ ಆಡದೆ ಅವನ್ನು ಹೊತ್ತುಕೊಂಡು ಹೋದ. ಅಂದಿನಿಂದ ಸಾಯುವವರೆಗೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯಲಿಲ್ಲ.

‘ಈಗ ನಾ ಗಂಜಿ ತಕೊಂಡ್ ಹೋದ್ರೆ ಗೋಡೆ ಬದಿಗೆ ತಿರುಗ್ತ್ರು. ನಿನ್ ಕೈ ಅನ್ನ ಉಣ್ಣೂಕೆ ನಂಗೆ ಮುಖ ಇಲ್ಲಾ ಅಣ್ಣಾ ಅಂತ್ರು. ಹೆಂಡ್ತಿ ಕೊಟ್ರೆ ಉಣ್ತ್ರು. ನಾನು ಅಣ್ಣ ಅಲ್ಲ, ನಿನ್ ಮಗ ಇನಾಯ್ಕ ಹೇಳಿ ಎಷ್ಟ್ ಸಲ ಹೇಳ್ಲಿ? ಒಂದ್ ಸಲ, ಒಂದೇ ಸಲ ಅಪ್ಪ ನನ್ ಹೆಸ್ರು ಹಿಡ್ದು ಕರೀಬೇಕು ಬಾಯಿ. ಅದ್ಕೇ ಈ ಕೂದ್ಲು.’

ನನ್ನ ಕೈಯ ಚಿಮುಟ ನಿಂತಿತು. ತಟ್ಟೆಯಲ್ಲಿ ಅವನ ಬೇರುಗಳು ಸಾಲಾಗಿ ಮಲಗಿದ್ದವು. ಹಿಂದೆ ಹೋಗುವ ದಾರಿಯಿರಲಿಲ್ಲ. ಒಂದು ವರ್ಷ ಎಂದು ಎಷ್ಟು ಸಲೀಸಾಗಿ ಹೇಳಿದ್ದೆ! ಆ ಅಪ್ಪನ ಹತ್ತಿರ ಒಂದು ವರ್ಷ ಇದೆಯೋ ಇಲ್ಲವೋ. ಕೂದಲು ಬಂದ ದಿನ ಗುರುತು ಹಿಡಿಯುವಷ್ಟು ನೆನಪು ಉಳಿದಿರುತ್ತದೋ ಇಲ್ಲವೋ. ಒಂದು ಪ್ರಶ್ನೆ ಕೇಳಿದ್ದರೆ ಇದನ್ನೆಲ್ಲ ಮೊದಲೇ ಕೂತು ಮಾತಾಡಬಹುದಿತ್ತು. ವಿಗ್ ಹಾಕಿ ನೋಡೋಣ ಎಂದಾದರೂ ಹೇಳಬಹುದಿತ್ತು. ಈ ಕೂದಲನ್ನು ಯಾರು ನೋಡಬೇಕು? ಯಾವಾಗ ನೋಡಬೇಕು? ಹುಡುಗಿಯರೇ, ಬೇರೆ ಏನನ್ನು ಮರೆತರೂ ಇದನ್ನು ಕೇಳುವುದನ್ನು ಮರೆಯಬೇಡಿ. ನನಗೆ ನನ್ನ ಮೇಲೆಯೇ ಅಸಹ್ಯವಾದ ದಿನ ಅದು.

ಮೂರನೇ ವಾರ ಹೇಳಿದಂತೆಯೇ ಎಲ್ಲ ಉದುರಿತು. ಹೆದರಬೇಡ ಎಂದು ಮೊದಲೇ ಹೇಳಿದ್ದರೂ ವಿನಾಯಕ ಓಡಿ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ವಿಗ್ಗಿನ ಮಾತು ಆಗ ಎತ್ತಿದೆ. ನೆಟ್ಟ ತಲೆಗೆ ಈಗ ಬೇಡ ಎಂದರು ಡಾಕ್ಟರು. ನಾಲ್ಕು ತಿಂಗಳಾದಾಗ ಮುಂದಲೆಯಲ್ಲಿ ಹೊಸ ಚಿಗುರು ಮುಟ್ಟಿದರೆ ಮಾತ್ರ ತಿಳಿಯುವಷ್ಟಿತ್ತು. ಮಳೆ ಮುಗಿದು ಬೋಟುಗಳು ಇಳಿದಿದ್ದವು. ಒಂದು ಭಾನುವಾರ ನಾನೇ ಹಾರವಾಡಕ್ಕೆ ಹೋದೆ. ಈ ಕೆಲಸದಲ್ಲಿ ಯಾರ ಮನೆಗೂ ಹೋದವಳಲ್ಲ, ಅದೊಂದೇ ಸಲ.

ಮನೆ ಕಡಲಿಗೆ ಮುಖ ಮಾಡಿತ್ತು. ಅಂಗಳದಲ್ಲಿ ಒಣಮೀನು ಹರಡಿದ್ದರು. ಆ ಮಧ್ಯಾಹ್ನದ ಬೆಳಕಿನಲ್ಲಿ ಅಂಗಳ ಯಾವುದು, ಮರಳು ಯಾವುದು, ನೀರು ಯಾವುದು ಎಂದು ಬೇರ್ಪಡಿಸಲಾಗದಂತಿತ್ತು. ಜಗಲಿಯಲ್ಲಿ ಮುದುಕರು ಕೂತು ಬರಿಗೈಯಲ್ಲೇ ಬಲೆ ನೇಯುತ್ತಿದ್ದರು. ದಾರವಿಲ್ಲ, ಸೂಜಿಯಿಲ್ಲ, ಆದರೂ ಬೆರಳುಗಳು ಗಂಟಿನ ಮೇಲೆ ಗಂಟು ಹಾಕುತ್ತಿದ್ದವು. ಎಷ್ಟು ಚಂದ ಹಾಕುತ್ತಿದ್ದರೆಂದರೆ, ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೂ ಅವರ ಮಡಿಲಲ್ಲಿ ಬಲೆ ಕಾಣತೊಡಗಿತು.

ವಿನಾಯಕ ಗಂಜಿಯ ಬಟ್ಟಲು ತಂದ. ಮುದುಕರು ಅವನನ್ನು ನೋಡಿ ಮುಖ ತಿರುಗಿಸಿದರು. ‘ಅಪ್ಪಾ, ನಾ ಇನಾಯ್ಕ’ ಎಂದ. ಅವರು ಇನ್ನಷ್ಟು ಗೋಡೆಗೆ ಸರಿದು, ‘ಬ್ಯಾಡಾ ಅಣ್ಣಾ, ಬ್ಯಾಡಾ’ ಎಂದು ಅಳತೊಡಗಿದರು. ಮಗನ ಕಣ್ಣಲ್ಲೂ ನೀರು. ನೋಡಿ ನನಗೆ ತಡೆಯಲಾಗಲಿಲ್ಲ.

‘ಕೂದ್ಲು ಬರೂಕೆ ಇನ್ನೂ ಆರು ತಿಂಗ್ಳದೆ ವಿನಾಯಕ. ಅಲ್ಲಿವರೆಗೂ ಹೀಂಗೇ ಅಳಿಸ್ತಾ ಇರ್ತ್ಯಾ? ಅವ್ರಿಗೆ ಬೇಕಾದ್ದು ಅಣ್ಣ. ಒಂದಿನ ಅಣ್ಣನೇ ಆಗು.’

‘ಸುಳ್ಳಲ್ದಾ ಬಾಯಿ ಅದು?’

‘ಹೌದು. ಹೇಳು.’

ಅವನು ಅಪ್ಪನ ಪಕ್ಕ ಕೂತು, ನೆಲ ನೋಡುತ್ತ, ‘ಬಲೆ ನಿಂಗೇ ಇರ್ಲಿ ತಮ್ಮಾ. ನಂಗೇನೂ ಬೇಜಾರಿಲ್ಲ. ಉಣ್ಣು’ ಎಂದ.

ಮುದುಕರ ಬೆರಳು ನಿಂತವು. ‘ಹೌದಾ ಅಣ್ಣಾ?’ ಎಂದರು. ‘ಹೌದೋ’ ಎಂದ ಮಗ. ಬಾಯಿ ತೆರೆದರು. ಒಂದೊಂದೇ ಚಮಚ, ಬಟ್ಟಲು ಖಾಲಿಯಾಗುವವರೆಗೂ ಉಂಡರು. ವಿನಾಯಕನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಹೇಳದೆ ಕೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಅಳು ಬಂತು, ಯಾಕೆಂದು ಈಗಲೂ ಹೇಳಲಾರೆ.

ಆಮೇಲಿನ ತಿಂಗಳುಗಳಲ್ಲಿ ಅವನು ತೋರಿಸಲು ಬಂದಾಗಲೆಲ್ಲ ಕೂದಲಿಗಿಂತ ಹೆಚ್ಚು ಅಪ್ಪನ ಸುದ್ದಿ ಹೇಳುತ್ತಿದ್ದ. ಬೋಟು ದಡಕ್ಕೆ ಬಂದೊಡನೆ ಅಣ್ಣನಾಗಿ ಕೂರುತ್ತಾನಂತೆ. ಅಪ್ಪ ಬಾಲ್ಯದ ಮಾತೆಲ್ಲ ಆಡುತ್ತಾರಂತೆ, ಇಬ್ಬರೂ ಸೇರಿ ಯಾರದೋ ತೋಟದ ಎಳನೀರು ಕದ್ದದ್ದು, ತಾಯಿಯ ಕೈಲಿ ಪೆಟ್ಟು ತಿಂದದ್ದು. ತಾನು ಹುಟ್ಟುವ ಮೊದಲಿನ ಅಪ್ಪನನ್ನು ಹೀಗೆ ನೋಡುತ್ತೇನೆ ಎಂದುಕೊಂಡಿರಲಿಲ್ಲ ಎನ್ನುತ್ತಿದ್ದ. ಹಾಗೆ ಹೇಳುತ್ತ ಹೇಳುತ್ತ ಕೊನೆಗೆ ಕನ್ನಡಿಯ ಕಡೆ ತಿರುಗುತ್ತಿದ್ದ. ‘ಆದ್ರೂ ಬಾಯಿ, ನನ್ನ ಹೆಸ್ರು ಮಾತ್ರ ಇನ್ನೂ ಬರ್ಲಿಲ್ಲ.’

ಬೇಸಿಗೆಗೆ ಕೂದಲು ಬಂತು. ಡಾಕ್ಟರು ಎಳೆದ ಗೆರೆ ಫೋಟೋದಷ್ಟು ಕೆಳಗಿರಲಿಲ್ಲ, ಆದರೆ ದಟ್ಟವಾಗಿತ್ತು, ಕಪ್ಪಾಗಿತ್ತು. ನಾನು ಕಂಡ ತಲೆಗಳಲ್ಲೇ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ನನ್ನ ಕೆಲಸದ ಕೊನೆಯ ತಿಂಗಳು ಅದು. ಒಂದು ಬೆಳಿಗ್ಗೆ ವಿನಾಯಕ ಮೆಟ್ಟಿಲು ಹತ್ತಿ ಬಂದು, ಕೂತುಕೊಳ್ಳುವ ಮೊದಲೇ ಹೇಳಿದ.

‘ಕರದ್ರು ಬಾಯಿ.’

ಸ್ನಾನ ಮಾಡಿ ಒದ್ದೆ ಕೂದಲು ಹಣೆಗೆ ಇಳಿಬಿಟ್ಟುಕೊಂಡು ಜಗಲಿಗೆ ಬಂದನಂತೆ. ಅಪ್ಪ ನೋಡಿ, ‘ಇನಾಯ್ಕಾ, ಯಾವಾಗ ಬಂದ್ಯೋ?’ ಎಂದರಂತೆ. ಅಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ನನ್ನ ಹದಿನೇಳು ವರ್ಷ ಸಾರ್ಥಕವಾಯಿತು ಎಂದುಕೊಂಡೆ, ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿದೆ ಕೂಡ.

‘ಆದ್ರೆ ಈಗ ಉಣ್ತಿಲ್ಲ ಬಾಯಿ. ನಾಕ್ ದಿನ ಆಯ್ತು. ನಾ ಕೊಟ್ರೂ ಇಲ್ಲ, ಅವ್ಳು ಕೊಟ್ರೂ ಇಲ್ಲ. ಅಣ್ಣ ಬರ್ಲಿ, ಅಂವ ಬಂದೇ ಉಣಿಸ್ಬೇಕು ಅಂತ್ರು. ದಾರಿ ನೋಡ್ತಾ ಕೂತಿರ್ತ್ರು.’ ಸ್ವಲ್ಪ ತಡೆದು ಕೇಳಿದ, ‘ಇದ್ನ ಬೋಳಿಸಿದ್ರೆ ಬೇರು ಸಾಯ್ತದ್ಯಾ?’

‘ಬೇರು ಎಲ್ಲಿಗೂ ಹೋಗೂದಿಲ್ಲ. ಮತ್ತೆ ಬತ್ತದೆ. ಆದ್ರೆ ಬರೂವರೆಗೂ ಅಪ್ಪಂಗೆ ಮತ್ತೆ ನಿನ್ ಗುರ್ತು ಸಿಗೂದಿಲ್ಲ. ಬಂದ್ ಮೇಲೆ ಸಿಗ್ತದೆ ಹೇಳೂಕೂ ಆಗೂದಿಲ್ಲ.’

‘ಗೊತ್ತುಂಟು’ ಎಂದ. ಡಾಕ್ಟರು ಕಿಟಕಿಯ ಹತ್ತಿರ ನದಿ ನೋಡುತ್ತ ನಿಂತಿದ್ದರು, ತಿರುಗಲಿಲ್ಲ. ವಿನಾಯಕ ಕನ್ನಡಿ ಕೇಳಿ ಇಸಿದುಕೊಂಡು ಒಂದು ಸಲ ನೋಡಿಕೊಂಡ. ಹತ್ತು ತಿಂಗಳು ಕಾದು ಪಡೆದದ್ದು. ಕನ್ನಡಿ ಮೇಜಿನ ಮೇಲಿಟ್ಟು ಕೆಳಗಿಳಿದು ಹೋದ.

ವಾರ ಕಳೆದು ಫೋನು ಮಾಡಿದೆ. ಉಣ್ಣುತ್ತಾರಾ ಎಂದು ಕೇಳಿದೆ.

‘ಉಣ್ತ್ರು ಬಾಯಿ. ಬೋಳಿಸ್ಕೊಂಡ್ ಬಂದ ದಿನವೇ ಉಂಡ್ರು.’ ಅವನ ಹಿಂದೆ ಕಡಲಿನ ಸದ್ದು ಕೇಳುತ್ತಿತ್ತು. ‘ಉಣ್ತಾ ಉಣ್ತಾ ನನ್ ಕೈ ಹಿಡ್ಕೊಂಡು ಎಂತಾ ಹೇಳಿದ್ರು ಗೊತ್ತುಂಟಾ? ಅಣ್ಣಾ, ಇಷ್ಟ್ ದಿನ ಎಲ್ಲಿ ಹೋಗಿದ್ಯೋ? ನಮ್ಮ ಇನಾಯ್ಕ ಬಂದಿದ್ದ. ತಲೆ ತುಂಬಾ ಕೂದ್ಲು, ಎಷ್ಟ್ ಚಂದ ಕಾಣ್ತಿದ್ದ. ನಿಂಗೆ ತೋರ್ಸೂಕೆ ಆಗ್ಲಿಲ್ಲಲ್ಲ ಅಂದ್ರು.’